ಬೆವರಿನ ಉಪ್ಪು ಅಳೆಯುವವರು ಯಾರು?

ಕಳೆದ ತಿಂಗಳು ನಮ್ಮ ಟೀಮಿನ ವಾಟ್ಸಾಪ್ ಗ್ರೂಪಿಗೆ ಒಂದು ಲಿಂಕ್ ಬಂತು. ಒಂದು ಮಗುವಿನ ಫೋಟೋ, ಮೂಗಿಗೆ ಆಕ್ಸಿಜನ್ ನಳಿಕೆ, ಕೆಳಗೆ ಇಷ್ಟು ಕೋಟಿ ಬೇಕು, ಇಷ್ಟು ಲಕ್ಷ ಬಂದಿದೆ ಅಂತ ಹಸಿರು ಪಟ್ಟಿ. ಕಾಯಿಲೆಯ ಹೆಸರು ಸಿಸ್ಟಿಕ್ ಫೈಬ್ರೋಸಿಸ್. ಎಲ್ಲರೂ ಐನೂರು, ಸಾವಿರ ಹಾಕಿದರು. ನಾನೂ ಹಾಕಿದೆ. ಮಧ್ಯಾಹ್ನ ಪ್ಯಾಂಟ್ರಿಯಲ್ಲಿ ಕಾಫಿ ಹಿಡಿದು ನಿಂತಿದ್ದಾಗ ಸಹೋದ್ಯೋಗಿಯೊಬ್ಬರು, ಒಳ್ಳೆಯ ಮನುಷ್ಯ, ಎಲ್ಲರಿಗಿಂತ ಜಾಸ್ತಿ ದುಡ್ಡು ಹಾಕಿದವರು, "ಪಾಪ ಕಣ್ರೀ, ಇದು ಬಿಳಿಯರ ಕಾಯಿಲೆ ಅಲ್ವಾ, ನಮ್ಮಲ್ಲಿ ಬರೋದೇ ಇಲ್ಲ, ಎಲ್ಲೋ ಕೋಟಿಗೊಬ್ಬರಿಗೆ" ಅಂದರು. ಇನ್ನಿಬ್ಬರು ಹೌದು ಅಂತ ತಲೆಯಾಡಿಸಿದರು. ಆಮೇಲೆ ಮಾತು ಅಪ್ರೈಸಲ್ ಕಡೆ ಹೋಯ್ತು.

ಈ ಬರಹ ಆ ಒಂದು ಮಾತಿನ ವಿರುದ್ಧ. ಅವರ ವಿರುದ್ಧ ಅಲ್ಲ.

ನಾನು ಡಾಕ್ಟರ್ ಅಲ್ಲ. ಬಿಇ ಮುಗಿಸಿ ಬೆಂಗಳೂರಿಗೆ ಬಂದು, ಬೇರೆಯವರು ಬರೆದ ಕೋಡಿನಲ್ಲಿ ತಪ್ಪು ಹುಡುಕಿ ಹೊಟ್ಟೆ ಹೊರೆಯುವವನು. ಈ ಕೆಲಸದಲ್ಲಿ ಮೊದಲು ಕಲಿಯೋದು ಒಂದು ಮಾತು: ಲಾಗ್ ಆನ್ ಮಾಡದೇ "ಎರರ್ ಏನೂ ಕಾಣ್ತಿಲ್ಲ" ಅನ್ನುವವನನ್ನು ನಂಬಬಾರದು. "ನಮ್ಮಲ್ಲಿ ಬರೋದೇ ಇಲ್ಲ" ಅಂತ ಕೇಳಿದಾಗ ನನಗೆ ಅದೇ ನೆನಪಾಯ್ತು. ಯಾರು ನೋಡಿದ್ದಾರೆ? ನಮ್ಮ ಎಷ್ಟು ಮಕ್ಕಳ ಬೆವರು ಅಳೆದಿದ್ದಾರೆ?

ಬೆವರು ಯಾಕೆ ಅಂದರೆ, ಈ ಕಾಯಿಲೆ ಸಿಕ್ಕಿಬೀಳುವುದೇ ಅಲ್ಲಿ. ನಮ್ಮ ಜೀವಕೋಶಗಳ ಮೇಲ್ಮೈಯಲ್ಲಿ ಕ್ಲೋರೈಡನ್ನು ಒಳಗೆ ಹೊರಗೆ ಬಿಡುವ ಒಂದು ಬಾಗಿಲಿದೆ. ಅದನ್ನು ಮಾಡುವ ವಂಶವಾಹಿ ಸಿಎಫ್‌ಟಿಆರ್, ಏಳನೇ ವರ್ಣತಂತುವಿನಲ್ಲಿದೆ, ಅದನ್ನು ಕಂಡುಹಿಡಿದದ್ದು 1989ರಲ್ಲಿ. ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದರೆ ಮಗುವಿಗೆ ಬಾಗಿಲು ಕೆಲಸ ಮಾಡಲ್ಲ. ಶ್ವಾಸಕೋಶದ ಕಫ ಅಂಟಿನ ಹಾಗೆ ಗಟ್ಟಿಯಾಗುತ್ತದೆ, ಅದರಲ್ಲಿ ಬ್ಯಾಕ್ಟೀರಿಯಾ ಮನೆ ಮಾಡುತ್ತವೆ. ಮೇದೋಜೀರಕ ಗ್ರಂಥಿಯ ನಾಳ ಕಟ್ಟಿಕೊಂಡು ಜೀರ್ಣರಸ ಕರುಳಿಗೆ ಇಳಿಯೋದಿಲ್ಲ. ಮಗು ಎಷ್ಟು ತಿಂದರೂ ಮೈಗೆ ಹತ್ತಲ್ಲ, ಮಲದಲ್ಲಿ ಎಣ್ಣೆ ತೇಲುತ್ತದೆ. ಬೆವರಿನಲ್ಲಿ ಮಾತ್ರ ಉಲ್ಟಾ. ಅಲ್ಲಿ ಉಪ್ಪನ್ನು ವಾಪಸ್ ಎಳೆದುಕೊಳ್ಳಬೇಕಾದ ಬಾಗಿಲು ಎಳೆದುಕೊಳ್ಳದೆ, ಮೈಯ ಉಪ್ಪೆಲ್ಲ ಹೊರಗೆ ಹರಿಯುತ್ತದೆ. ಹಣೆಗೆ ಮುತ್ತಿಟ್ಟರೆ ಉಪ್ಪುಪ್ಪಾಗಿರುವ ಮಗು ಬಾಳುವುದಿಲ್ಲ ಅಂತ ಯುರೋಪಿನ ಹಳೆಯ ಜನಪದ ನಂಬಿಕೆಯೇ ಇತ್ತಂತೆ.

1938ರಲ್ಲಿ ನ್ಯೂಯಾರ್ಕಿನ ಡೊರೋಥಿ ಆಂಡರ್ಸನ್ ಸತ್ತ ಮಕ್ಕಳ ಶವಪರೀಕ್ಷೆ ಮಾಡಿ ಈ ಕಾಯಿಲೆಯನ್ನು ಬೇರೆಯಾಗಿ ಗುರುತಿಸಿದರು. ಅಲ್ಲಿಯವರೆಗೆ ಇವೆಲ್ಲ ನ್ಯುಮೋನಿಯಾ, ಅಜೀರ್ಣ, ಸೊರಗು ರೋಗ ಅಂತಲೇ ಹೋಗುತ್ತಿದ್ದ ಮಕ್ಕಳು. ಹತ್ತು ವರ್ಷ ಕಳೆದು, 1948ರ ಬೇಸಿಗೆಯಲ್ಲಿ ನ್ಯೂಯಾರ್ಕಿನಲ್ಲಿ ಭಯಂಕರ ಸೆಕೆ ಬಂತು. ನಿತ್ರಾಣವಾಗಿ ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ಈ ಕಾಯಿಲೆಯವರೇ ಹೆಚ್ಚು ಅನ್ನುವುದನ್ನು ಪಾಲ್ ಡಿ ಸಾಂಟ್ ಆಗ್ನೀಸ್ ಎಂಬ ಡಾಕ್ಟರು ಗಮನಿಸಿದರು. ಯಾಕಿರಬಹುದು ಅಂತ ಬೆನ್ನು ಹತ್ತಿ ಹೋಗಿ, 1953ರಲ್ಲಿ ಈ ಮಕ್ಕಳ ಬೆವರಿನಲ್ಲಿ ಉಪ್ಪು ಜಾಸ್ತಿ ಎಂದು ತೋರಿಸಿದರು. 1959ಕ್ಕೆ ಗಿಬ್ಸನ್ ಮತ್ತು ಕುಕ್ ಅದನ್ನು ಪರೀಕ್ಷೆ ಮಾಡಿದರು: ಕೈಗೆ ಪೈಲೋಕಾರ್ಪಿನ್ ಹಚ್ಚಿ, ಸಣ್ಣ ಕರೆಂಟು ಕೊಟ್ಟು, ಅರ್ಧ ಗಂಟೆ ಬೆವರು ಹಿಡಿದು, ಕ್ಲೋರೈಡ್ ಅಳೆಯುವುದು. ಅರವತ್ತು ದಾಟಿದರೆ ಸಿಎಫ್. ಇಂದಿಗೂ ಜಗತ್ತಿನಾದ್ಯಂತ ಅದೇ ಪರೀಕ್ಷೆ.

ಅಂದರೆ ಈ ರೋಗದ ಗುಟ್ಟು ರಟ್ಟಾದದ್ದು ಒಂದು ಊರಿನ ಸೆಕೆಯಿಂದ. ನ್ಯೂಯಾರ್ಕಿನ ಸೆಕೆಯಿಂದ! ಏಪ್ರಿಲ್ ಮೇ ತಿಂಗಳಲ್ಲಿ ನಮ್ಮ ಬೀದರ, ಕಲಬುರಗಿ, ರಾಯಚೂರು ಕಡೆಯ ಬಿಸಿಲು ಕಂಡವರಿಗೆ ಇದು ನಗು ಬರಿಸಬೇಕು. ನಮ್ಮಲ್ಲಿ ಪ್ರತಿ ಬೇಸಿಗೆಯಲ್ಲೂ ಕೂಸುಗಳು ನಿತ್ರಾಣವಾಗಿ ದವಾಖಾನೆ ಸೇರುತ್ತವೆ. ಸಲೈನ್ ಹಚ್ಚುತ್ತಾರೆ, ಎದ್ದು ಕೂರುತ್ತವೆ, ಮನೆಗೆ ಕಳಿಸುತ್ತಾರೆ. ಈ ಕೂಸಿನ ಉಪ್ಪು ಎಲ್ಲಿಗೆ ಹೋಯ್ತು ಅಂತ ಕೇಳುವವರು ಎಷ್ಟು ಜನ?

ಇದು ನನಗೆ ಬರೀ ಓದಿದ ವಿಷಯ ಅಲ್ಲ.

ನಮ್ಮೂರು ಗೋರ್ಟಾ (ಬಿ), ಬಸವಕಲ್ಯಾಣದ ಹತ್ತಿರ. ನಮ್ಮ ಕಡೆ ಊರಿನ ಹೆಸರಿನ ಮುಂದಿನ ಬಿ, ಕೆ ಅಕ್ಷರಗಳು ನಿಜಾಮರ ದಫ್ತರದ ಕಾಲದವು. ಬುಜುರ್ಗ್ ಅಂದರೆ ದೊಡ್ಡದು, ಖುರ್ದ್ ಅಂದರೆ ಸಣ್ಣದು. ಆ ಒಂದು ಅಕ್ಷರ ತಪ್ಪಿದರೆ ಪತ್ರ ಬೇರೆ ಊರಿಗೆ ಹೋಗುವಂಥ ಹಳ್ಳಿಗಳು ನಮ್ಮ ಜಿಲ್ಲೆಯಲ್ಲಿವೆ. ಹೊರಗಿನವರಿಗೆ ಗೋರ್ಟಾ ಗೊತ್ತಿರುವುದು 1948ರ ಮೇ ತಿಂಗಳಿನ ರಜಾಕಾರರ ಹತ್ಯಾಕಾಂಡದಿಂದ. ಆವತ್ತು ಎಷ್ಟು ಜನ ಸತ್ತರು ಅಂತ ಕೇಳಿದರೆ ಊರಿನಲ್ಲಿ ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳುತ್ತಾರೆ. ಹುತಾತ್ಮರ ಸ್ಮಾರಕ ಉದ್ಘಾಟನೆಯಾದದ್ದು 2023ರಲ್ಲಿ, ಎಪ್ಪತ್ತೈದು ವರ್ಷ ಕಳೆದ ಮೇಲೆ. ಸತ್ತವರನ್ನು ಎಣಿಸೋದು ತಡವಾದರೆ ಏನಾಗುತ್ತೆ ಅಂತ ನಮ್ಮೂರಿನವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ನನ್ನ ದೊಡ್ಡಪ್ಪನ ಮಗ, ಅಣ್ಣ, ತನ್ನ ಸೋದರಮಾವನ ಮಗಳನ್ನೇ ಮದುವೆಯಾದ. ನಮ್ಮ ಕಡೆ ಇದು ಸಹಜ. ಹೊಲ ಮನೆ ಒಳಗೇ ಉಳೀತದ, ಹೆಣ್ಣು ಕಣ್ಣ ಮುಂದೆ ಇರ್ತಾಳ. ಮೊದಲನೇ ಕೂಸು ಹೆಣ್ಣು, ಎಂಟು ತಿಂಗಳಿಗೆ ಹೋಯ್ತು. ಎರಡನೆಯವನು ಗಂಡು. ಅವನನ್ನು ನಾನು ಎತ್ತಿ ಆಡಿಸಿದ್ದೇನೆ. ಎರಡು ರೊಟ್ಟಿ ಹಾಲಿನಲ್ಲಿ ಕಲಸಿ ಕೊಟ್ಟರೆ ಇನ್ನೂ ಬೇಕು ಅನ್ನುತ್ತಿದ್ದ. ಕೈಕಾಲು ಮಾತ್ರ ತೊಗರಿ ಕಟ್ಟಿಗೆ. ಹೊಟ್ಟೆ ಉಬ್ಬು. ವರ್ಷಕ್ಕೆ ನಾಲ್ಕು ಸಲ ನ್ಯುಮೋನಿಯಾ. ಬಸವಕಲ್ಯಾಣ ಆಯ್ತು, ಉಮರ್ಗಾ ಆಯ್ತು, ಸೊಲ್ಲಾಪುರ ಆಯ್ತು. ಟಿಬಿ ಗುಳಿಗಿ ಒಂದು ಸಲ ಪೂರ್ತಿ ಕೋರ್ಸು, ವಾಸಿಯಾಗಲಿಲ್ಲ ಅಂತ ಇನ್ನೊಂದು ಸಲ. ನಡುವೆ ದಮ್ಮು ಅಂದರು. ಒಬ್ಬರು ತಾಯಿಗೆ ಊಟ ಹಾಕೋದು ಬರೋದಿಲ್ಲ ಅಂದರು. ಆ ಮಾತನ್ನು ವೈನಿ ಇನ್ನೂ ಮರೆತಿಲ್ಲ. ಆರನೇ ವರ್ಷದ ಬೇಸಿಗೆಯಲ್ಲಿ, ನಾನು ಪಿಯುಸಿ ಪರೀಕ್ಷೆ ಬರೆದು ಊರಿಗೆ ಬಂದಿದ್ದಾಗ, ಹೋದ.

ಈ ಲೇಖನ ಬರೆಯೋ ಮೊದಲು ವೈನಿಗೆ ಫೋನ್ ಮಾಡಿದ್ದೆ. ಕೇಳಬೇಕೋ ಬೇಡವೋ ಅಂತ ಎರಡು ದಿನ ಹಿಂದೆಮುಂದೆ ನೋಡಿ, ಕಡೆಗೆ ಕೇಳಿದೆ. "ವೈನಿ, ಅವಂಗ ಬ್ಯಾಸಗ್ಯಾಗ ಏನಾಗ್ತಿತ್ತು, ನೆನಪದಾ?"

"ನೆನಪಿರಲಾರದ ಏನ್ ತಮ್ಮಾ. ಬಿಸಲಾಗ ಆಡಿ ಬಂದಂದ್ರ ಹಂಗೇ ಬಿದ್ದುಬಿಡ್ತಿದ್ದ. ಅಂಗಿ ಒಣಗಿದ್ ಮ್ಯಾಲ ಬೆನ್ನಿನ ಮ್ಯಾಲ ಬೆಳ್ಳಗ ಕಟ್ಟಿರ್ತಿತ್ತು. ಯಾಕ್ ಕೇಳ್ತಿ ಈಗ?"

ಯಾಕೆ ಅಂತ ನಾನು ಹೇಳಲಿಲ್ಲ. ಬಿಸಿಲಲ್ಲಿ ದುಡಿಯೋ ಯಾರ ಅಂಗಿಯ ಮೇಲಾದರೂ ಉಪ್ಪು ಕಟ್ಟುತ್ತದೆ. ಅವನಿಗೆ ಸಿಎಫ್ ಇತ್ತು ಅಂತ ನಾನು ಹೇಳಲಾರೆ. ಇರಲಿಲ್ಲ ಅಂತ ಹೇಳುವುದಕ್ಕೂ ಯಾರ ಹತ್ತಿರವೂ ಏನೂ ಇಲ್ಲ. ಎಕ್ಸ್-ರೇ ಹಾಳೆಗಳು ಒಂದು ಚೀಲ ತುಂಬಾ ಇದ್ದವು, ಬೆವರಿನ ಪರೀಕ್ಷೆಯ ಒಂದು ಚೀಟಿಯೂ ಇರಲಿಲ್ಲ. ಆ ಪರೀಕ್ಷೆಗೆ ಆಗಲೇ ನಲವತ್ತಕ್ಕಿಂತ ಹೆಚ್ಚು ವರ್ಷ ವಯಸ್ಸಾಗಿತ್ತು.

ಈಗ "ನಮ್ಮಲ್ಲಿ ಬರೋದೇ ಇಲ್ಲ" ಅನ್ನೋದನ್ನು ನೋಡೋಣ. ಭಾರತದಲ್ಲಿ ಈ ಕಾಯಿಲೆಯ ಕೇಸ್ ವರದಿ 1968ರಲ್ಲೇ ಮಕ್ಕಳ ವೈದ್ಯರ ಪತ್ರಿಕೆಯಲ್ಲಿ ಅಚ್ಚಾಗಿದೆ. ದೆಹಲಿಯ ಏಮ್ಸ್‌ನಲ್ಲಿ ಡಾ. ಎಸ್.ಕೆ. ಕಾಬ್ರಾ ಮತ್ತು ಅವರ ತಂಡ ತೊಂಬತ್ತರ ದಶಕದಿಂದ ಇಂಥ ಮಕ್ಕಳನ್ನು ಗುರುತಿಸಿ, ಚಿಕಿತ್ಸೆ ಕೊಟ್ಟು, ವರದಿ ಬರೆಯುತ್ತಾ ಬಂದಿದೆ. ವೆಲ್ಲೂರಿನ ಸಿಎಂಸಿಯಲ್ಲೂ ಈ ಕೆಲಸ ನಡೆದಿದೆ. ವಿದೇಶಕ್ಕೆ ವಲಸೆ ಹೋದ ನಮ್ಮವರ ಮಕ್ಕಳನ್ನು ನೋಡಿ ಅಲ್ಲಿಯವರು ಹಾಕಿದ ಅಂದಾಜು 10,000ಕ್ಕೆ ಒಂದರಿಂದ 40,000ಕ್ಕೆ ಒಂದರವರೆಗೆ ಇದೆ. ಯುರೋಪಿನ ಬಿಳಿಯರಲ್ಲಿ ಇದು ಸುಮಾರು 2,500 ರಿಂದ 3,000ಕ್ಕೆ ಒಂದು. ನಮ್ಮಲ್ಲಿ ಕಡಿಮೆ, ಒಪ್ಪಿದೆ. ಆದರೆ ಕರ್ನಾಟಕದಲ್ಲಿ ವರ್ಷಕ್ಕೆ ಹತ್ತು ಲಕ್ಷದ ಆಸುಪಾಸು ಹೆರಿಗೆ. ಗುಣಾಕಾರ ನೀವೇ ಮಾಡಿ: ಕಮ್ಮಿ ಅಂದರೆ ವರ್ಷಕ್ಕೆ 25 ಮಕ್ಕಳು, ಜಾಸ್ತಿ ಅಂದರೆ 100. ಅದೂ ಸಂಬಂಧದೊಳಗಿನ ಮದುವೆಯನ್ನು ಲೆಕ್ಕಕ್ಕೆ ಹಿಡಿಯದೆ. ನಮ್ಮ ರಾಜ್ಯದಲ್ಲಿ ಕಾಲು ಭಾಗದಷ್ಟು ಮದುವೆಗಳು ರಕ್ತಸಂಬಂಧದಲ್ಲೇ ಆಗುತ್ತವೆ ಅಂತ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಅಪ್ಪ ಅಮ್ಮ ಇಬ್ಬರಲ್ಲೂ ಒಂದೇ ಕೆಟ್ಟ ಪ್ರತಿ ಇರೋ ಸಾಧ್ಯತೆ ಎಲ್ಲಿ ಹೆಚ್ಚಾಗುತ್ತೆ ಅಂತ ಹೇಳೋಕೆ ಬಯಾಲಜಿ ಡಿಗ್ರಿ ಬೇಕಿಲ್ಲ.

ಈ ಮಕ್ಕಳು ಎಲ್ಲಿದ್ದಾರೆ? ಟಿಬಿ ರಿಜಿಸ್ಟರಿನಲ್ಲಿ, ಅಪೌಷ್ಟಿಕತೆ ಪಟ್ಟಿಯಲ್ಲಿ, ನ್ಯುಮೋನಿಯಾ ಲೆಕ್ಕದಲ್ಲಿ ಇದ್ದಾರೆ. ಇಲ್ಲವೇ ಯಾವ ಪುಸ್ತಕದಲ್ಲೂ ಇಲ್ಲ.

ಇಲ್ಲಿ ಒಂದು ವಾದ ಬರುತ್ತೆ, ಅದನ್ನು ನಾನು ಗೌರವದಿಂದಲೇ ಕೇಳುತ್ತೇನೆ, ಯಾಕೆಂದರೆ ಹೇಳುವವರು ನಮ್ಮ ಕಡೆಯ ಡಾಕ್ಟರುಗಳೇ: ಟಿಬಿ, ರಕ್ತಹೀನತೆ ಇಷ್ಟು ಇರುವಾಗ ಅಪರೂಪದ ರೋಗದ ಹಿಂದೆ ಓಡೋಕಾಗುತ್ತಾ? ಓಡಬೇಡಿ ಸಾರ್. ಟಿಬಿ ಗುಳಿಗೆ ಎರಡನೇ ಕೋರ್ಸ್ ಬರೆಯೋ ಮೊದಲು ಒಂದು ಸಲ ಬೆವರು ನೋಡಿ. ಅದಕ್ಕೆ ದುಬಾರಿ ವಿದೇಶಿ ಯಂತ್ರ ಬೇಕು ಅನ್ನುವ ನೆಪಕ್ಕೂ ಉತ್ತರ ಸಿಕ್ಕಿ ಎಷ್ಟೋ ವರ್ಷವಾಯ್ತು. ಬೆವರು ಸಂಗ್ರಹಿಸಿ ಕ್ಲೋರೈಡ್ ಅಳೆಯಲು ಏಮ್ಸ್ ತಂಡ ಇಲ್ಲೇ ತಯಾರಿಸಿದ ವಿಧಾನವನ್ನು 2002ರಲ್ಲೇ ಇಂಡಿಯನ್ ಪೀಡಿಯಾಟ್ರಿಕ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದೆ. ಯಾರು ಬೇಕಾದರೂ ಓದಬಹುದು, ಮಾಡಬಹುದು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಓಪನ್ ಸೋರ್ಸ್. ಇಪ್ಪತ್ತು ವರ್ಷಕ್ಕೂ ಮೇಲಾಯ್ತು, ಎಷ್ಟು ಜಿಲ್ಲಾಸ್ಪತ್ರೆಗಳು ಅದನ್ನು ಡೌನ್‌ಲೋಡ್ ಮಾಡಿಕೊಂಡಿವೆ?

ಪತ್ತೆಯಾದರೆ ತಾನೇ ಏನು ಮಾಡೋದು, ಕೋಟಿಗಟ್ಟಲೆ ಔಷಧಿ ಕೊಡೋಕಾಗುತ್ತಾ ಅನ್ನೋದು ಅದರ ಬೆನ್ನಿಗೇ ಬರುವ ಪ್ರಶ್ನೆ. ಇದರಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಆ ಹೊಸ ಔಷಧಿ ಬರುವ ಎಷ್ಟೋ ವರ್ಷ ಮೊದಲೇ ಈ ಮಕ್ಕಳ ಆಯಸ್ಸು ಬೆಳೆದಿತ್ತು. ಊಟದ ಜೊತೆ ಜೀರ್ಣರಸದ ಕ್ಯಾಪ್ಸೂಲು, ದಿನಾ ಎದೆ ಬೆನ್ನು ತಟ್ಟಿ ಕಫ ಇಳಿಸುವ ವ್ಯಾಯಾಮ, ಉಪ್ಪುನೀರಿನ ನೆಬುಲೈಸರ್, ಸೋಂಕು ತಗುಲಿದ ಕೂಡಲೇ ಸರಿಯಾದ ಆಂಟಿಬಯಾಟಿಕ್, ಮತ್ತೆ ಬೇಸಿಗೆಯಲ್ಲಿ ಹೆಚ್ಚುವರಿ ಉಪ್ಪು. ಹೌದು, ಅಡುಗೆಮನೆಯ ಉಪ್ಪು. ಬಿಸಿಲಿಗೆ ಬಿದ್ದ ಕೂಸಿಗೆ ಇದೇ ಕಾರಣ ಅಂತ ಗೊತ್ತಿದ್ದರೆ ಮನೆಗೆ ಕಳಿಸುವಾಗ ತಾಯಿಗೆ ಹೇಳಬೇಕಾದದ್ದು ಅಷ್ಟೇ: ದಿನಾ ಇಷ್ಟು ಉಪ್ಪು ಸೇರಿಸು. ವೈನಿಗೆ ಯಾರೂ ಹೇಳಲಿಲ್ಲ. ಅವಳಿಗೆ ಸಿಕ್ಕಿದ್ದು ಊಟ ಹಾಕೋದು ಬರಲ್ಲ ಅನ್ನುವ ಬೈಗುಳ.

ಇನ್ನು ಆ ಕೋಟಿಗಳ ಔಷಧಿ. ಅದರ ಕಥೆ ನಿಜಕ್ಕೂ ದೊಡ್ಡದು, ಅದನ್ನು ಮುಚ್ಚಿಟ್ಟು ವಾದ ಮಾಡಿದರೆ ಮೋಸವಾಗುತ್ತೆ. 1,480 ಅಮೈನೋ ಆಮ್ಲಗಳ ಸರಪಳಿಯಲ್ಲಿ 508ನೇದು ಬಿಟ್ಟುಹೋದರೆ ಪ್ರೋಟೀನು ಸರಿಯಾಗಿ ಮಡಚಿಕೊಳ್ಳುವುದಿಲ್ಲ, ಕೋಶ ಅದನ್ನು ಕಸದ ಬುಟ್ಟಿಗೆ ಹಾಕುತ್ತೆ. ಡಿಎನ್ಎಯಲ್ಲಿ ಮೂರೇ ಅಕ್ಷರ ಕಮ್ಮಿ. ಪಶ್ಚಿಮದ ದೇಶಗಳಲ್ಲಿ ಹತ್ತು ರೋಗಿಗಳಲ್ಲಿ ಎಂಟೊಂಬತ್ತು ಜನರಿಗೆ ಈ ಡೆಲ್ಟಾ ಎಫ್508 ತಪ್ಪಿನ ಒಂದು ಪ್ರತಿಯಾದರೂ ಇರುತ್ತದೆ. ಅಂಥ ಪ್ರೋಟೀನನ್ನು ಹಿಡಿದು ಮಡಚಿ, ಮೇಲ್ಮೈಗೆ ತಲುಪಿಸಿ, ಬಾಗಿಲು ತೆರೆದಿಡುವ ಮೂರು ಔಷಧಿಗಳ ಗುಳಿಗೆ ಟ್ರೈಕಾಫ್ಟಾ. ಅಮೆರಿಕದಲ್ಲಿ 2019ರಲ್ಲಿ ಹನ್ನೆರಡು ವರ್ಷ ದಾಟಿದವರಿಗೆ, 2021ರಲ್ಲಿ ಆರು ವರ್ಷದ ಮಕ್ಕಳಿಗೆ, 2023ರಲ್ಲಿ ಎರಡು ವರ್ಷದ ಕೂಸುಗಳಿಗೆ ಅನುಮತಿ ಸಿಕ್ಕಿತು. ಶ್ವಾಸಕೋಶ ಕಸಿಗೆ ಸರದಿಯಲ್ಲಿ ಕಾಯುತ್ತಿದ್ದವರು ಸರದಿಯಿಂದ ಹೊರಬಂದರು.

ಆದರೆ ಭಾರತದ ಮಕ್ಕಳಲ್ಲಿ ಆ ಮೂರಕ್ಷರದ ತಪ್ಪು ಅಷ್ಟು ಸಾಮಾನ್ಯ ಅಲ್ಲ. ಏಮ್ಸ್ ಮತ್ತು ಬೇರೆ ಕಡೆಯ ವರದಿಗಳು ಹೇಳುವುದು ಅದನ್ನೇ: ನಮ್ಮಲ್ಲಿ ಬೇರೆ ಬೇರೆ ಕಾಗುಣಿತ ತಪ್ಪುಗಳು ಹೆಚ್ಚು. ಅಂದರೆ ಗುಳಿಗೆ ನಾಳೆ ಪುಕ್ಕಟೆ ಸಿಕ್ಕರೂ ಅದು ನಮ್ಮ ಎಷ್ಟು ಮಕ್ಕಳಿಗೆ ಹಿಡಿಯುತ್ತೆ ಅನ್ನೋದು ಅವರ ತಪ್ಪು ಯಾವುದು ಅಂತ ಓದಿದ ಮೇಲೆಯೇ ಗೊತ್ತಾಗೋದು. 2020ರ ಡಿಸೆಂಬರಿನಲ್ಲಿ ಅಮೆರಿಕದ ಎಫ್‌ಡಿಎ ಒಂದು ಒಳ್ಳೆಯ ಕೆಲಸ ಮಾಡಿತು. ಅಪರೂಪದ ತಪ್ಪುಗಳಿಗೆಲ್ಲ ಒಂದೊಂದಾಗಿ ರೋಗಿಗಳ ಮೇಲೆ ಪ್ರಯೋಗ ಮಾಡೋದು ಆಗದ ಮಾತು ಅಂತ, ಪ್ರಯೋಗಾಲಯದ ಕೋಶಗಳಲ್ಲಿ ಔಷಧಿ ಕೆಲಸ ಮಾಡಿದ್ದನ್ನೇ ಆಧಾರ ಮಾಡಿ 177 ತಪ್ಪುಗಳನ್ನು ಒಂದೇ ಏಟಿಗೆ ಪಟ್ಟಿಗೆ ಸೇರಿಸಿತು. ಆ ಪಟ್ಟಿಗೆ ಸೇರಬೇಕಾದರೆ ಒಂದು ಷರತ್ತು: ಆ ತಪ್ಪು ಇದೆ ಅಂತ ಮೊದಲು ಯಾರಾದರೂ ಬರೆದಿಟ್ಟಿರಬೇಕು. ಬೀದರಿನ ಮಗುವಿನ ತಪ್ಪನ್ನು ಬಾಸ್ಟನ್ನಿನವರು ಬಂದು ಓದಲ್ಲ. ಟಿಕೆಟ್ಟೇ ಹಾಕದ ಬಗ್ಗನ್ನು ಯಾವ ಟೀಮೂ ಫಿಕ್ಸ್ ಮಾಡಿದ ಉದಾಹರಣೆ ನನ್ನ ಕೆಲಸದಲ್ಲಿ ನಾನು ಕಂಡಿಲ್ಲ.

ಈಗಿನ ಸಂಶೋಧನೆ ಯಾವ ಗುಳಿಗೆಯೂ ಹಿಡಿಯದ ರೋಗಿಗಳ ಕಡೆ ತಿರುಗಿದೆ. ಎಂಆರ್‌ಎನ್ಎಯನ್ನು ಉಸಿರಿನ ಮೂಲಕ ಶ್ವಾಸಕೋಶಕ್ಕೆ ಕಳಿಸುವ ಪ್ರಯೋಗಗಳು ಶುರುವಾಗಿವೆ. ಅವರಲ್ಲಿ ಅಂಥವರು ಹತ್ತರಲ್ಲಿ ಒಬ್ಬರು. ನಮ್ಮಲ್ಲಿ ಆ ಪಾಲು ಎಷ್ಟೋ ದೊಡ್ಡದಿರಬೇಕು. ಹಾಗಾಗಿ ಈ ಸಂಶೋಧನೆಯಲ್ಲಿ ಮುಂದೆ ನಿಲ್ಲಬೇಕಾದ ದೇಶ ನಮ್ಮದು. ನಾವು ಎಲ್ಲಿದ್ದೀವಿ? ಲಿಂಕ್ ಫಾರ್ವರ್ಡ್ ಮಾಡುತ್ತಾ ಇದ್ದೀವಿ.

ಬೆಲೆಯ ವಿಷಯಕ್ಕೆ ಬಂದಾಗ ಪ್ಯಾಂಟ್ರಿಯ ಎರಡನೇ ವಾದ ಎದುರಾಗುತ್ತೆ. ನಮ್ಮ ಇಂಡಸ್ಟ್ರಿಯವರಿಗೆ ಇದು ಬಾಯಿಪಾಠ: "ಪೇಟೆಂಟ್ ಇಲ್ಲದಿದ್ದರೆ ಸಂಶೋಧನೆ ಯಾರು ಮಾಡ್ತಾರೆ? ರಿಸ್ಕ್ ತಗೊಂಡವರು ಲಾಭ ತಗೋಬಾರದಾ?" ಸರಿ, ರಿಸ್ಕ್ ಯಾರು ತಗೊಂಡಿದ್ದು ನೋಡೋಣ. ಅಮೆರಿಕದ ಸಿಸ್ಟಿಕ್ ಫೈಬ್ರೋಸಿಸ್ ಫೌಂಡೇಶನ್ ಅನ್ನೋದು ರೋಗಿ ಮಕ್ಕಳ ಅಪ್ಪ ಅಮ್ಮಂದಿರು ಕಟ್ಟಿದ ದತ್ತಿ ಸಂಸ್ಥೆ. ಜನರಿಂದ ಎತ್ತಿದ ದೇಣಿಗೆ ಹಣವನ್ನು ಅವರು ಅರೋರಾ ಬಯೋಸೈನ್ಸಸ್ ಎಂಬ ಕಂಪನಿಗೆ ಸುರಿದು, ಈ ಔಷಧಿ ಹುಡುಕಿ ಅಂದರು. 2001ರಲ್ಲಿ ಅರೋರಾವನ್ನು ವರ್ಟೆಕ್ಸ್ ಕೊಂಡುಕೊಂಡಿತು. ಫೌಂಡೇಶನ್ ಹಾಕಿದ್ದು ಒಟ್ಟು ಸುಮಾರು 15 ಕೋಟಿ ಡಾಲರ್. 2014ರಲ್ಲಿ ತನ್ನ ರಾಯಲ್ಟಿ ಹಕ್ಕನ್ನು ಅದು 330 ಕೋಟಿ ಡಾಲರಿಗೆ ಮಾರಿತು. ಕಂಪನಿಯ ವಿಜ್ಞಾನಿಗಳು ಕೆಲಸ ಮಾಡಲಿಲ್ಲ ಅಂತ ನಾನು ಹೇಳಲ್ಲ, ಅದ್ಭುತವಾದ ಕೆಲಸವೇ ಮಾಡಿದ್ದಾರೆ. ಆದರೆ ಯಾರೂ ಮುಟ್ಟದ ಹೊತ್ತಿನಲ್ಲಿ ರಿಸ್ಕ್ ಹೊತ್ತ ದುಡ್ಡಿನಲ್ಲಿ ಒಂದು ದೊಡ್ಡ ಪಾಲು ಅಪ್ಪ ಅಮ್ಮಂದಿರದ್ದು. ಔಷಧಿ ಬಂದಾಗ ಬೆಲೆ ಬರೆದವರು ಮಾತ್ರ ಬೇರೆಯವರು: ವರ್ಷಕ್ಕೆ ಸುಮಾರು 3,11,000 ಡಾಲರ್, ನಮ್ಮ ಲೆಕ್ಕದಲ್ಲಿ ಎರಡೂವರೆ ಕೋಟಿ ರೂಪಾಯಿ, ಪ್ರತಿ ವರ್ಷ, ಬದುಕಿರುವವರೆಗೆ. ಇದನ್ನು ತಯಾರಿಸಲು ತಗಲುವ ಖರ್ಚು ವರ್ಷಕ್ಕೆ ಸುಮಾರು 5,700 ಡಾಲರ್ ಅಂತ 2022ರಲ್ಲಿ ಆಂಡ್ರ್ಯೂ ಹಿಲ್ ಮತ್ತು ಸಂಗಡಿಗರು ಲೆಕ್ಕ ಹಾಕಿ ಪ್ರಕಟಿಸಿದ್ದಾರೆ. ಅಂದರೆ ಐದು ಲಕ್ಷ ರೂಪಾಯಿಗಿಂತ ಕಡಿಮೆ.

ನಮ್ಮ ಸರ್ಕಾರದ 2021ರ ಅಪರೂಪದ ರೋಗಗಳ ನೀತಿಯನ್ನು ಒಂದು ಭಾನುವಾರ ಕೂತು ಓದಿದೆ. ಸಿಎಫ್ ಅದರಲ್ಲಿದೆ. ಕಫ ತೆಳುವಾಗಿಸುವ ಡಿಎನ್ಏಸ್ ಔಷಧಿ ಮೂರನೇ ಗುಂಪಿನ 'ಎ' ಭಾಗದಲ್ಲಿ, ಅಂದರೆ ಒಳ್ಳೆಯ ಫಲಿತಾಂಶಕ್ಕೆ ಸಾಕಷ್ಟು ಪುರಾವೆ ಇರುವುದು. ಮೂಲಕ್ಕೇ ಕೈಹಾಕುವ ಹೊಸ ಬಗೆಯ ಔಷಧಿಗಳು 'ಬಿ' ಭಾಗದಲ್ಲಿ, ಅಂದರೆ ವೆಚ್ಚ ವಿಪರೀತ, ದೀರ್ಘಕಾಲದ ಮಾಹಿತಿ ಇನ್ನೂ ಬರಬೇಕು ಅನ್ನುವ ಜಾಗದಲ್ಲಿ. (ಇಲ್ಲೂ ಒಂದು 'ಬಿ'. ಈ ಅಕ್ಷರ ನಮ್ಮ ಬೆನ್ನು ಬಿಡಲ್ಲ.) ಮಾನ್ಯತೆ ಪಡೆದ ಕೇಂದ್ರದಲ್ಲಿ ಒಬ್ಬ ರೋಗಿಗೆ 50 ಲಕ್ಷದವರೆಗೆ ನೆರವು. ಕರ್ನಾಟಕದಲ್ಲಿ ಅಂಥ ಕೇಂದ್ರ ಇರೋದು ಬೆಂಗಳೂರಿನಲ್ಲಿ, ನಮ್ಮೂರಿಂದ ಸುಮಾರು ಏಳುನೂರು ಕಿಲೋಮೀಟರು. ಕಂಪನಿಯ ಬೆಲೆಗೆ ಆ 50 ಲಕ್ಷ ಎರಡು ತಿಂಗಳು ಚಿಲ್ಲರೆ ದಿನಕ್ಕೆ ಖಾಲಿ. ತಯಾರಿಕಾ ವೆಚ್ಚಕ್ಕೆ ಸಿಕ್ಕರೆ ಅದೇ 50 ಲಕ್ಷದಲ್ಲಿ ಒಂದು ಮಗುವಿಗೆ ಹತ್ತು ವರ್ಷ ಔಷಧಿ. ಸರ್ಕಾರದ ಹಣ ಕಡಿಮೆಯಾಗಿರೋದಕ್ಕಿಂತ ಹೆಚ್ಚಾಗಿ ಬೆಲೆಯನ್ನು ಮುಟ್ಟುವ ಧೈರ್ಯ ಕಡಿಮೆಯಾಗಿದೆ ಅನ್ನೋದು ನನ್ನ ತಕರಾರು.

ಧೈರ್ಯ ಮಾಡಿದ ಉದಾಹರಣೆ ನಮ್ಮಲ್ಲೇ ಇದೆ. 2001ರಲ್ಲಿ ಸಿಪ್ಲಾದ ಯೂಸುಫ್ ಹಮೀದ್ ವರ್ಷಕ್ಕೆ ಹತ್ತು ಸಾವಿರ ಡಾಲರಿಗೂ ಹೆಚ್ಚು ಇದ್ದ ಎಚ್‌ಐವಿ ಔಷಧಿಯನ್ನು 350 ಡಾಲರಿಗೆ ಕೊಡುತ್ತೇನೆ ಅಂದರು, ಆಫ್ರಿಕಾದ ಲೆಕ್ಕವೇ ಬದಲಾಯ್ತು. 2012ರ ಮಾರ್ಚ್‌ನಲ್ಲಿ ನಮ್ಮ ಪೇಟೆಂಟ್ ಕಚೇರಿ ಬೇಯರ್ ಕಂಪನಿಯ ಕ್ಯಾನ್ಸರ್ ಔಷಧಿ ನೆಕ್ಸಾವರ್ ತಯಾರಿಸಲು ಹೈದರಾಬಾದಿನ ನ್ಯಾಟ್ಕೊಗೆ ಕಡ್ಡಾಯ ಲೈಸೆನ್ಸ್ ಕೊಟ್ಟಿತು. ತಿಂಗಳಿಗೆ 2,80,000 ರೂಪಾಯಿ ಇದ್ದದ್ದು 8,800ಕ್ಕೆ ಇಳಿಯಿತು. ಆಗ ಬಳಸಿದ ಕಾನೂನು ಇನ್ನೂ ಪುಸ್ತಕದಲ್ಲಿದೆ. 2023ರ ಫೆಬ್ರವರಿಯಲ್ಲಿ ಭಾರತ, ದಕ್ಷಿಣ ಆಫ್ರಿಕಾ, ಬ್ರೆಜಿಲ್, ಉಕ್ರೇನ್ ನಾಲ್ಕೂ ದೇಶಗಳ ಸಿಎಫ್ ಕುಟುಂಬಗಳು ಒಟ್ಟಿಗೆ ಟ್ರೈಕಾಫ್ಟಾ ಪೇಟೆಂಟಿನ ವಿರುದ್ಧ ನಿಂತವು. ಆಗ ಕಂಪನಿ ಆ ಔಷಧಿಯನ್ನು ಭಾರತದಲ್ಲಿ ಮಾರಾಟಕ್ಕೆ ನೋಂದಾಯಿಸಿಯೇ ಇರಲಿಲ್ಲ. ತಾನೂ ಮಾರಲ್ಲ, ಪೇಟೆಂಟ್ ಹಿಡಿದು ಬೇರೆಯವರಿಗೂ ಮಾಡೋಕೆ ಬಿಡಲ್ಲ. ಅರ್ಜೆಂಟೀನಾದ ಗ್ಯಾಡರ್ ಕಂಪನಿ ತನ್ನದೇ ಜೆನೆರಿಕ್ ತಯಾರಿಸಿ ಮಾರುತ್ತಿದೆ, ನಮ್ಮಲ್ಲಿನ ಕೆಲವು ಮಕ್ಕಳ ಅಪ್ಪಂದಿರು ಔಷಧಿಗಾಗಿ ಭೂಮಿಯ ಆ ತುದಿಯ ಕಡೆ ನೋಡಬೇಕಾಗಿದೆ.

ಜಗತ್ತಿನ ಔಷಧಾಲಯ ಅಂತ ಎದೆ ತಟ್ಟಿಕೊಳ್ಳುವ ದೇಶದಲ್ಲಿ! ನಮ್ಮ ಪಕ್ಕದ ಹುಮನಾಬಾದಿಗೆ ಬನ್ನಿ. ಅಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ಔಷಧಿ ಮತ್ತು ರಾಸಾಯನಿಕದ ಕಾರ್ಖಾನೆಗಳಿವೆ. ರಾತ್ರಿ ಹೊತ್ತು ಬರುವ ವಾಸನೆ ಬಗ್ಗೆ, ಕೆಟ್ಟ ಬಾವಿ ನೀರಿನ ಬಗ್ಗೆ ಸುತ್ತಲಿನ ಹಳ್ಳಿಯವರು ವರ್ಷಗಳಿಂದ ದೂರು ಹೇಳುತ್ತಾ ಬಂದಿದ್ದಾರೆ. ಔಷಧಿ ಮಾಡೋ ಹೊಗೆಗೆ ನಮ್ಮ ಶ್ವಾಸಕೋಶ ಆಗುತ್ತೆ, ಔಷಧಿಗೆ ಆಗೋದಿಲ್ಲ.

ಆದರೆ ನಾನು ಮತ್ತೆ ಮೊದಲಿನ ಮಾತಿಗೇ ಬರ್ತೀನಿ, ಯಾಕಂದ್ರೆ ಈ ಬೆಲೆಯ ಜಗಳವೂ ನಿಂತಿರುವುದು ಅದರ ಮೇಲೇ. ಕಡ್ಡಾಯ ಲೈಸೆನ್ಸ್ ಕೇಳಿದರೆ ಸರ್ಕಾರ ಮೊದಲು ಕೇಳೋದು, ದೇಶದಲ್ಲಿ ರೋಗಿಗಳು ಎಷ್ಟು? ಜೆನೆರಿಕ್ ಕಂಪನಿ ಕೇಳೋದೂ ಅದೇ. ಎಷ್ಟು ಅಂತ ನಮ್ಮ ಹತ್ತಿರ ಇಲ್ಲ. ಎಣಿಸಿಲ್ಲದ್ದರಿಂದ ಕಡಿಮೆ, ಕಡಿಮೆಯಾದ್ದರಿಂದ ಎಣಿಸೋದು ಬೇಡ. ಈ ಸುತ್ತನ್ನು ಕಡಿಯಬೇಕಾದ ಜಾಗ ದೆಹಲಿ ಅಲ್ಲ, ಬಾಸ್ಟನ್ ಅಲ್ಲ. ಬೀದರದ, ಕಲಬುರಗಿಯ, ಯಾದಗಿರಿಯ ಮಕ್ಕಳ ವಾರ್ಡು.

ಅದಕ್ಕೇ ಹೋದ ವಾರ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಹಚ್ಚಿ ಒಂದು ಆರ್‌ಟಿಐ ಅರ್ಜಿ ಹಾಕಿದ್ದೇನೆ. ನಮ್ಮ ರಾಜ್ಯದಲ್ಲಿ ಅರ್ಜಿ ನೂರೈವತ್ತು ಪದ ಮೀರಬಾರದು ಅಂತ ನಿಯಮ, ನನಗೆ ಅಷ್ಟು ಬೇಕಾಗಲಿಲ್ಲ. ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಕಳೆದ ಐದು ವರ್ಷದಲ್ಲಿ ಎಷ್ಟು ಮಕ್ಕಳಿಗೆ ಬೆವರಿನ ಕ್ಲೋರೈಡ್ ಪರೀಕ್ಷೆ ಮಾಡಲಾಗಿದೆ, ಆ ಪರೀಕ್ಷೆಯ ಸೌಲಭ್ಯ ಎಲ್ಲೆಲ್ಲಿ ಇದೆ, ಇಲ್ಲದಿದ್ದರೆ ಮಗುವನ್ನು ಎಲ್ಲಿಗೆ ಕಳಿಸಲಾಗುತ್ತದೆ. ಮೂರೇ ಪ್ರಶ್ನೆ. ನಿಮ್ಮ ಜಿಲ್ಲೆಯ ಹೆಸರು ಹಾಕಿ ನೀವೂ ಕಳಿಸಬಹುದು, ನನ್ನ ಅರ್ಜಿಯ ಪ್ರತಿ ಬೇಕಾದವರಿಗೆ ಕೊಡುತ್ತೇನೆ. ಪ್ಯಾಂಟ್ರಿಯ ಆ ಸಹೋದ್ಯೋಗಿ ಕೇಳಿ ತಗೊಂಡಿದ್ದಾರೆ, ಅವರ ಊರು ಹಾಸನ ಜಿಲ್ಲೆ.

ಉತ್ತರ ಕೊಡಲು ಕಾನೂನಿನಲ್ಲಿ ಮೂವತ್ತು ದಿನ ಇದೆ. ಇವತ್ತಿಗೆ ಒಂಬತ್ತಾಯ್ತು.